ಅಂತಸ್ತು ಮೀರಿದ ಪ್ರೇಮ: ಹುಬ್ಬಳ್ಳಿ–ಧಾರವಾಡದ ಐತಿಹಾಸಿಕ ಕಥನಗಳು

ಕುಲ, ಜಾತಿ, ಅಧಿಕಾರ ಇಲ್ಲವೆ ಸಿರಿತನದಲ್ಲಿ ಸಮನಲ್ಲದ ಇಬ್ಬರ ಒಲವನ್ನು ಚರಿತ್ರೆಯ ಹಿನ್ನೆಲೆಯಲ್ಲಿ ಹೇಳುವ ಕಾದಂಬರಿ ಮತ್ತು ನಾಟಕಗಳ ಒಂದು ಧಾರೆ ಹುಬ್ಬಳ್ಳಿ–ಧಾರವಾಡದ ಸುತ್ತಮುತ್ತ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಹರಿದುಬಂದಿದೆ. ಗಳಗನಾಥರ ಕಾದಂಬರಿಗಳು, ಬೈಲಹೊಂಗಲದ ಜನಪದ ಸಣ್ಣಾಟ, ವೃತ್ತಿ ಕಂಪನಿಗಳ ಶರಣ ನಾಟಕಗಳು, ಗಿರೀಶ ಕಾರ್ನಾಡರ ನಾಟಕಗಳು ಇದರ ಮುಖ್ಯ ಘಟ್ಟಗಳು. ಇಲ್ಲಿನ ಪ್ರೇಮಿಗಳು ಮನಸ್ಸಿನಲ್ಲಿ ಗಾಯಗೊಂಡವರು. ಆ ಗಾಯ ಅವರ ಸ್ವಭಾವದಿಂದ ಬಂದದ್ದಲ್ಲ, ಅವರು ಹುಟ್ಟಿದ ಮನೆಯಿಂದ ಬಂದದ್ದು. ಇಬ್ಬರ ನಡುವೆ ಆದ ಗಾಯ ಇಬ್ಬರಲ್ಲೇ ಉಳಿಯದೆ ಒಂದು ರಾಜ್ಯವನ್ನೇ ಕೆಡವುವ ಮಟ್ಟಕ್ಕೆ ಬೆಳೆಯುವುದು ಈ ಕಥನಗಳ ವಿಶೇಷ. 1565ರ ತಾಳಿಕೋಟೆ ಮತ್ತು ಹನ್ನೆರಡನೆಯ ಶತಮಾನದ ಕಲ್ಯಾಣ, ಕನ್ನಡ ನಾಡು ಮರೆಯಲಾರದ ಈ ಎರಡು ಪತನಗಳಿಗೂ ಇಲ್ಲಿನ ಲೇಖಕರು ಒಂದು ಪ್ರೇಮದ ಇಲ್ಲವೆ ಮದುವೆಯ ಕಥೆಯನ್ನು ಕಾರಣವಾಗಿ ಇಟ್ಟು ನೋಡಿದ್ದಾರೆ.

ಈ ಕಥನಗಳನ್ನು ಒಟ್ಟಿಗೆ ಓದಿದರೆ ಒಂದು ಕಟ್ಟಳೆ ಎದ್ದು ಕಾಣುತ್ತದೆ. ಗಂಡು ಮೇಲಿನವನು, ಹೆಣ್ಣು ಕೆಳಗಿನವಳು ಆದಾಗ ಕಥೆ ಸಾಮಾನ್ಯವಾಗಿ ಅವಳನ್ನು ಕೈಬಿಡುವುದರಲ್ಲಿ ಮುಗಿಯುತ್ತದೆ. ಹೆಣ್ಣು ಮೇಲಿನವಳು, ಗಂಡು ಕೆಳಗಿನವನು ಆದಾಗ ರಕ್ತ ಹರಿಯುತ್ತದೆ. ಧರ್ಮಶಾಸ್ತ್ರ ಮೊದಲನೆಯದನ್ನು ಅನುಲೋಮ ಎಂದು ಕರೆದು ಸಹಿಸಿಕೊಂಡಿತು, ಎರಡನೆಯದನ್ನು ಪ್ರತಿಲೋಮ ಎಂದು ಕರೆದು ನಿಷೇಧಿಸಿತು. ಇದು ಹಳೆಯ ಪುಸ್ತಕದಲ್ಲಷ್ಟೇ ಉಳಿದ ಮಾತಾಗಿರಲಿಲ್ಲ. ಧಾರವಾಡ ಜಿಲ್ಲೆ ಸೇರಿದ್ದ ಬಾಂಬೆ ಪ್ರಾಂತದ ಹೈಕೋರ್ಟು 1912ರಲ್ಲಿ ಬ್ರಾಹ್ಮಣ ಹೆಣ್ಣು ಮತ್ತು ಶೂದ್ರ ಗಂಡಿನ ಮದುವೆಯನ್ನು ಅಸಿಂಧುವೆಂದಿತು. 1922ರಲ್ಲಿ ವೈಶ್ಯ ಗಂಡು ಮತ್ತು ಶೂದ್ರ ಹೆಣ್ಣಿನ ಮದುವೆಯನ್ನು ಅದೇ ಕೋರ್ಟು ಸಿಂಧುವೆಂದು ಒಪ್ಪಿತು. ಈ ಭೇದ ಕಾನೂನಿನಿಂದ ಪೂರ್ತಿ ಅಳಿದದ್ದು ಜಾತಿಭೇದದ ಕಾರಣಕ್ಕೆ ಯಾವ ಹಿಂದೂ ಮದುವೆಯೂ ಅಸಿಂಧುವಾಗದು ಎಂದು ಸಾರಿದ 1949ರ ಕಾಯಿದೆಯಿಂದ. ಅಲ್ಲಿಯವರೆಗೆ ಬರೆದ ಲೇಖಕರೆಲ್ಲ ಈ ಕಾನೂನಿನ ಅಡಿಯಲ್ಲೇ ಬದುಕಿದ್ದರು. ಅವರ ಕಥೆಗಳಲ್ಲಿ ಯಾರು ಸಾಯುತ್ತಾರೆ, ಯಾರು ಬರೀ ಮರೆತುಹೋಗುತ್ತಾರೆ ಎನ್ನುವುದಕ್ಕೂ ಆ ಕಾನೂನಿಗೂ ಇರುವ ಹೊಂದಾಣಿಕೆಯನ್ನು ಕಾಕತಾಳೀಯವೆಂದು ತಳ್ಳಿಹಾಕಲಾಗದು.

ಹಿನ್ನೆಲೆ

ಐತಿಹಾಸಿಕ ಕಥೆಗೆ ಧಾರವಾಡ ಫಲವತ್ತಾದ ನೆಲವಾದದ್ದಕ್ಕೆ ಕಾರಣ ಅಂದಿನ ರಾಜಕಾರಣ. ಬಾಂಬೆ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಶಾಲೆ, ಕಚೇರಿ, ರಂಗಭೂಮಿ ಎಲ್ಲೆಡೆ ಮರಾಠಿಯ ಪ್ರಭಾವ ದಟ್ಟವಾಗಿತ್ತು. ಕನ್ನಡಕ್ಕೊಂದು ನೆಲೆ ಬೇಕೆಂದು ರಾ.ಹ. ದೇಶಪಾಂಡೆಯವರು ಮುಂದಾಗಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಒಳ್ಳೆಯ ಕನ್ನಡ ಪುಸ್ತಕಗಳಿಗೆ ಬಹುಮಾನ ಕೊಡುವುದು ಅದರ ಮೊದಲ ಕೆಲಸಗಳಲ್ಲಿ ಒಂದು. 1917ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂತು. ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರದ ಅರಸರು ನಮ್ಮವರೆಂಬ ಭಾವ ಓದುಬರಹ ಬಲ್ಲ ಮನೆಗಳಿಗೆ ಹೊಕ್ಕಿತು. ಕಳೆದುಹೋದದ್ದರ ನೋವು ಹೀಗೆ ಮೊದಲೇ ಹರಡಿತ್ತು. ಆ ನೋವಿಗೆ ಒಂದು ಮುಖ ಕೊಡುವ ಕೆಲಸವನ್ನು ಕಾದಂಬರಿಕಾರರು ಮಾಡಿದರು. ರಾಜ್ಯ ಹೇಗೆ ಹೋಯಿತು ಎಂಬ ಪ್ರಶ್ನೆಗೆ ಇತಿಹಾಸಕಾರ ದಂಡು, ತೋಪು, ಒಪ್ಪಂದಗಳ ಉತ್ತರ ಕೊಟ್ಟರೆ ಕಾದಂಬರಿಕಾರ ಒಬ್ಬ ಹೆಣ್ಣಿನ ಕಡೆಗೆ ಬೆರಳು ತೋರಿಸಿದ. ಈ ಉತ್ತರದಲ್ಲಿ ಒಂದು ಅಪಾಯವಿದೆ, ಅದನ್ನು ಮುಂದೆ ನೋಡಬಹುದು.

ಇದಕ್ಕೂ ಹಿಂದೆ ರಂಗಭೂಮಿ ದಾರಿ ತೆರೆದಿತ್ತು. ಚುರಮುರಿ ಶೇಷಗಿರಿರಾಯರ ಕನ್ನಡ ಶಾಕುಂತಲ 1870ರ ಹೊತ್ತಿಗೆ ಬಂದಿತ್ತು. ಆಶ್ರಮದ ಹುಡುಗಿ, ಅರಮನೆಯ ಗಂಡು, ಮರೆವು ಎನ್ನುವ ಕಥೆಯ ಎಳೆ ಅಲ್ಲಿಂದಲೇ ಇಲ್ಲಿನ ಪ್ರೇಕ್ಷಕರಿಗೆ ಪರಿಚಿತ.

ಗಳಗನಾಥ ಮತ್ತು ಮೆಹರ್ಜಾನ್

ವೆಂಕಟೇಶ ತಿರಕೋ ಕುಲಕರ್ಣಿ (1869–1942) ಹಾವೇರಿಯ ಬಳಿಯ ಗಳಗನಾಥ ಗ್ರಾಮದವರು. ಊರಿನ ಹೆಸರೇ ಅವರ ಹೆಸರಾಯಿತು. ವೃತ್ತಿಯಿಂದ ಶಾಲಾ ಮಾಸ್ತರರು. ಅವರ ‘ಪ್ರಬುದ್ಧ ಪದ್ಮನಯನೆ’ಗೆ 1898ರಲ್ಲಿ ವಿದ್ಯಾವರ್ಧಕ ಸಂಘದ ಬಹುಮಾನ ಬಂತು. ಮುಂದೆ ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದರು, ವಿದ್ಯಾರಣ್ಯರ ಕಥೆಯುಳ್ಳ ‘ಮಾಧವ ಕರುಣಾ ವಿಲಾಸ’ವನ್ನು ಬರೆದರು, ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಓದುಗರು ಪುಸ್ತಕದ ಬಳಿ ಬರದಿದ್ದ ಕಾಲದಲ್ಲಿ ಪುಸ್ತಕವನ್ನೇ ಓದುಗರ ಮನೆಬಾಗಿಲಿಗೆ ಒಯ್ದ ಈ ಮನುಷ್ಯನಿಗೆ ಕನ್ನಡ ಕಾದಂಬರಿ ತೀರಿಸಲಾಗದಷ್ಟು ಋಣಿ.

ಇಲ್ಲಿನ ವಿಷಯಕ್ಕೆ ಮುಖ್ಯವಾದದ್ದು ಅವರ ‘ಕನ್ನಡಿಗರ ಕರ್ಮಕಥೆ’. ಮರಾಠಿಯ ಹರಿ ನಾರಾಯಣ ಆಪ್ಟೆಯವರ (1864–1919) ‘ವಜ್ರಾಘಾತ’ ಇದರ ಮೂಲ. ವಿಜಯನಗರದ ರಾಮರಾಜ ಯೌವನದಲ್ಲಿ ಮೆಹರ್ಜಾನ್ ಎಂಬ ಮುಸ್ಲಿಂ ಯುವತಿಗೆ ಒಲಿಯುತ್ತಾನೆ, ಮಾತು ಕೊಡುತ್ತಾನೆ. ಅಷ್ಟರಲ್ಲಿ ಕೃಷ್ಣದೇವರಾಯನ ಮಗಳ ಕೈಹಿಡಿದು ಅರಮನೆಯ ಅಳಿಯನಾಗುವ ಅವಕಾಶ ಬರುತ್ತದೆ. ಅಧಿಕಾರ ಮತ್ತು ಒಲವುಗಳ ನಡುವೆ ಆತ ಅಧಿಕಾರವನ್ನು ಆರಿಸುತ್ತಾನೆ. ಕೈಬಿಟ್ಟ ಹೆಣ್ಣು ಅವನ ಮಗನಿಗೆ ತಾಯಿಯಾಗುತ್ತಾಳೆ. ಆ ಮಗ ರಣಮಸ್ತಖಾನ ವಿಜಾಪುರದ ಕಡೆ ಬೆಳೆದು, ರಾಯಭಾರಿಯಾಗಿ ತಂದೆಯ ಊರಿಗೇ ಬಂದು ನಿಲ್ಲುತ್ತಾನೆ. ತಾಳಿಕೋಟೆಯ ರಣರಂಗದಲ್ಲಿ ರಾಮರಾಜನ ನಾಶಕ್ಕೆ ಈ ಮಗನೇ ಕಾರಣನಾಗುತ್ತಾನೆ.

ಮೆಹರ್ಜಾನ್ ಚರಿತ್ರೆಯ ವ್ಯಕ್ತಿಯಲ್ಲ. ಆದರೆ ಕಲ್ಪನೆ ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ. ಚರಿತ್ರೆಯ ರಾಮರಾಯ ನಿಜಕ್ಕೂ ಕೃಷ್ಣದೇವರಾಯನ ಅಳಿಯ, ಆ ಕಾರಣಕ್ಕೇ ‘ಅಳಿಯ ರಾಮರಾಯ’. ವಿಜಯನಗರದ ಸೇವೆಗೆ ಬರುವ ಮುನ್ನ ಗೋಲ್ಕೊಂಡದ ಸುಲ್ತಾನನ ಕೈಕೆಳಗೆ ಇದ್ದವನು. ವಿಜಾಪುರದ ಅಲಿ ಆದಿಲಶಾಹ ವಿಜಯನಗರಕ್ಕೆ ಬಂದಾಗ ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಅದೇ ಆದಿಲಶಾಹ 1565ರ ಜನವರಿಯಲ್ಲಿ ಉಳಿದ ಸುಲ್ತಾನರ ಜತೆ ಸೇರಿ ‘ತಂದೆ’ಯ ಮೇಲೆ ದಂಡೆತ್ತಿ ಬಂದ. ಮಗನೆನಿಸಿಕೊಂಡವನು ಶತ್ರುವಾದ ಈ ಸಂಗತಿಯನ್ನು ಕಾದಂಬರಿ ರಕ್ತಸಂಬಂಧವಾಗಿ ಮಾರ್ಪಡಿಸಿ, ಅದರ ಹಿಂದೆ ಒಂದು ಮುರಿದ ಪ್ರೇಮವನ್ನು ಇಟ್ಟಿತು.

ಕಾದಂಬರಿಯ ಬಲ ಇರುವುದು ರಾಮರಾಜನಲ್ಲಲ್ಲ, ಮೆಹರ್ಜಾನಳಲ್ಲಿ. ಅವಳ ಸಿಟ್ಟು ಅರ್ಥವಾಗುವಂಥದ್ದು, ಅವಳ ಒಲವು ಆ ಸಿಟ್ಟಿನಿಂದ ಪೂರ್ತಿ ಸತ್ತದ್ದೂ ಅಲ್ಲ. ಪ್ರೀತಿಸಿದವನ ಮೇಲೆ ಸೇಡು ತೀರಿಸಿಕೊಳ್ಳಲು ಅವಳ ಬಳಿ ಇರುವ ಆಯುಧ ಅವನ ಮಗನೊಬ್ಬನೇ. ಆದರೂ ಒಂದು ಆಕ್ಷೇಪವನ್ನು ಎತ್ತಲೇಬೇಕು. ರಾಜ್ಯ ಬಿದ್ದದ್ದಕ್ಕೆ ಕರ್ಮವೇ ಕಾರಣವೆಂದು ಶೀರ್ಷಿಕೆಯೇ ಸಾರುವಾಗ, ರಾಮರಾಜನ ರಾಜಕೀಯ ತಪ್ಪುಗಳು ಖಾಸಗಿ ಪಾಪದ ಮರೆಗೆ ಸರಿಯುತ್ತವೆ. ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ ಅವನ ದಶಕಗಳ ನೀತಿ, ಕೊನೆಗೆ ಅವರೆಲ್ಲ ಒಂದಾಗುವಂತೆ ಮಾಡಿದ ಅವನ ಸೊಕ್ಕು, ಪತನದ ನಿಜವಾದ ಬೇರುಗಳು. ಅವುಗಳ ಜಾಗದಲ್ಲಿ ಒಬ್ಬ ಮುಸ್ಲಿಂ ಹೆಣ್ಣು ಮತ್ತು ಅವಳ ಮಗನನ್ನು ನಿಲ್ಲಿಸಿದಾಗ ಓದುಗನ ಮನಸ್ಸಿನಲ್ಲಿ ಅನುಕಂಪದ ಜತೆಗೆ ಸಂಶಯದ ಬೀಜವೂ ಬೀಳುತ್ತದೆ. ಗಳಗನಾಥರ ಸಹಾನುಭೂತಿ ದೊಡ್ಡದು, ಅವರು ಒಪ್ಪಿಕೊಂಡ ಚೌಕಟ್ಟು ಚಿಕ್ಕದು.

ಸಂಗ್ಯಾ, ಬಾಳ್ಯಾ, ಗಂಗಾ

ಓದು ಬಾರದ ಜನ ಇದೇ ವಿಷಯವನ್ನು ಬೇರೆ ದಾರಿಯಲ್ಲಿ ಹಿಡಿದರು. ಬೈಲಹೊಂಗಲದಲ್ಲಿ ನಡೆದದ್ದೆಂದು ಜನ ನಂಬುವ ಕೊಲೆಯೊಂದನ್ನು ಆಧರಿಸಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಅಲ್ಲಿನ ಪತ್ತಾರ ಮಾಸ್ತರರು ಕಟ್ಟಿದರು. ಸಿರಿವಂತ ಸಂಗ್ಯಾ, ಅವನ ನೆರಳಲ್ಲಿ ಬದುಕುವ ಗೆಳೆಯ ಬಾಳ್ಯಾ, ವ್ಯಾಪಾರಿ ಈರ್ಯಾನ ಹೆಂಡತಿ ಗಂಗಾ, ನಡುವೆ ಸಂಧಾನಕ್ಕೆ ಓಡಾಡುವ ಪಾರಮ್ಮ. ಗಂಡ ವ್ಯಾಪಾರಕ್ಕೆ ಊರು ಬಿಟ್ಟಾಗ ಗಂಗಾ ಮತ್ತು ಸಂಗ್ಯಾ ಕೂಡುತ್ತಾರೆ. ಸುದ್ದಿ ಒಡೆದು, ಈರ್ಯಾ ಮತ್ತು ಅವನ ತಮ್ಮಂದಿರು ಸಂಗ್ಯಾನನ್ನು ಕೊಲ್ಲುತ್ತಾರೆ. ಆ ಕೊಲೆಗೆ ದಾರಿ ಮಾಡಿಕೊಡುವವನು ಬಾಳ್ಯಾ.

ಅಂತಸ್ತಿನ ಬಿರುಕು ಈ ಆಟದಲ್ಲಿ ಪ್ರೇಮಿಗಳ ನಡುವೆ ಇರುವುದಕ್ಕಿಂತ ಗೆಳೆಯರ ನಡುವೆ ಹೆಚ್ಚು ಆಳವಾಗಿದೆ. ಉಳ್ಳವನ ಮೋಜಿಗೆ ಜತೆಯಾಗಿ ನಡೆದ ಇಲ್ಲದವನು ಕೊನೆಗೆ ಅವನನ್ನು ಒಪ್ಪಿಸಿಬಿಡುವುದು ಇಡೀ ಆಟದ ಅತಿ ನೋವಿನ ಗಳಿಗೆ. ಆಟದ ಹೆಸರಿನಲ್ಲಿ ಗಂಗಾ ಇಲ್ಲ, ಇಬ್ಬರು ಗೆಳೆಯರೇ ಇದ್ದಾರೆ ಎನ್ನುವುದರಲ್ಲೂ ಜನರ ತಿಳಿವಳಿಕೆ ಕಾಣುತ್ತದೆ. ಸಣ್ಣಾಟದಲ್ಲಿ ಹಾಡೇ ಪ್ರಧಾನ, ಮಾತು ಅದನ್ನು ಹಿಂಬಾಲಿಸುತ್ತದೆ. ಮೇಳದವರು ಪಾತ್ರದ ಸೊಲ್ಲನ್ನು ಹಿಡಿದು ಎತ್ತುವಾಗ ಒಬ್ಬಳ ಸಂಕಟ ಊರಿನದೇ ದನಿಯಾಗುತ್ತದೆ. ಹೀಗಾಗಿ ಗಂಗಾಳನ್ನು ಹಾದರದವಳೆಂದು ಬೈಯಲು ಬಂದ ಪ್ರೇಕ್ಷಕ ಅವಳ ಹಾಡಿಗೆ ತಲೆದೂಗಿ ಏಳುತ್ತಾನೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿದ ಚಂದ್ರಶೇಖರ ಕಂಬಾರರು ಈ ಆಟವನ್ನು ಸಂಪಾದಿಸಿ, ಆಧುನಿಕ ರಂಗಕ್ಕೆ ತಂದರು. 1992ರಲ್ಲಿ ಇದೇ ಹೆಸರಿನ ಚಲನಚಿತ್ರವೂ ಬಂತು.

ಕಲ್ಯಾಣದ ಮದುವೆ

ಈ ಧಾರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಬರೆದ, ಆಡಿದ ಕಥೆ ಸಮಗಾರ ಹರಳಯ್ಯನ ಮಗ ಶೀಲವಂತ ಮತ್ತು ಬ್ರಾಹ್ಮಣ ಮಧುವರಸನ ಮಗಳ ಮದುವೆ. ಕಳಚುರಿ ಬಿಜ್ಜಳನ ಆಳ್ವಿಕೆಯ ಕೊನೆಯಲ್ಲಿ, 1167ರ ಸುಮಾರಿಗೆ, ಈ ಮದುವೆಯಿಂದ ಕಲ್ಯಾಣದಲ್ಲಿ ಗಲಭೆ ಎದ್ದು, ಹರಳಯ್ಯ ಮತ್ತು ಮಧುವರಸರ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದೂ, ಬಿಜ್ಜಳನ ಕೊಲೆಯಾಯಿತೆಂದೂ, ಬಸವಣ್ಣನ ಅನುಯಾಯಿಗಳಾದ ಶರಣರು ಚದುರಿ ಒಂದು ಗುಂಪು ಉಳವಿಯತ್ತ ಹೊರಟಿತೆಂದೂ ಪರಂಪರೆ ಹೇಳುತ್ತದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಇಬ್ಬರು ಭಕ್ತರ ಕಣ್ಣು ಕೀಳಿಸಿದ ಪ್ರಸಂಗವಿದೆ. ಮದುವೆಯ ವಿವರ ತುಂಬಿಕೊಂಡದ್ದು ನಂತರದ ವೀರಶೈವ ಕಾವ್ಯಗಳಲ್ಲಿ. ಅಂದರೆ ಕ್ರೌರ್ಯದ ನೆನಪು ಮೊದಲು, ಅದರ ಕಾರಣದ ಕಥೆ ಆಮೇಲೆ. ಚರಿತ್ರೆಯನ್ನು ಪ್ರೇಮದ ಕಣ್ಣಿನಿಂದ ನೋಡುವ ಹವ್ಯಾಸ ಗಳಗನಾಥರ ಕಾಲಕ್ಕಿಂತ ಬಹಳ ಹಿಂದೆಯೇ ಕನ್ನಡದಲ್ಲಿ ಬೇರೂರಿತ್ತು ಎನ್ನಲು ಇದು ಸಾಕ್ಷಿ.

ಧಾರವಾಡಕ್ಕೆ ಈ ಕಥೆ ದೂರದ್ದಲ್ಲ. ಉಳವಿಯ ದಾರಿ ಈ ಸೀಮೆಯನ್ನು ಹಾದುಹೋಗುತ್ತದೆ, ಊರೊಳಗೇ ಉಳವಿ ಚನ್ನಬಸವೇಶ್ವರನ ಗುಡಿಯಿದೆ. ವಚನಗಳನ್ನು ಓಲೆಗರಿಯಿಂದ ಅಚ್ಚಿಗೆ ತಂದ ಫ.ಗು. ಹಳಕಟ್ಟಿಯವರು ಹುಟ್ಟಿದ್ದು 1880ರಲ್ಲಿ ಇಲ್ಲಿಯೇ. ಏಣಗಿ ಬಾಳಪ್ಪನವರ (1914–2017) ಕಲಾವೈಭವ ನಾಟ್ಯಸಂಘ ‘ಜಗಜ್ಯೋತಿ ಬಸವೇಶ್ವರ’ವನ್ನು ಊರೂರಿಗೆ ಕೊಂಡೊಯ್ದಾಗ, ಬಸವಣ್ಣನ ಪಾತ್ರದ ಬಾಳಪ್ಪನವರಿಗೆ ಜನ ಕೈಮುಗಿಯುತ್ತಿದ್ದರು. ಧಾರವಾಡದಲ್ಲೇ ನೆಲೆಸಿದ್ದ ಸಂಶೋಧಕ ಎಂ.ಎಂ. ಕಲಬುರ್ಗಿಯವರು ‘ಕೆಟ್ಟಿತ್ತು ಕಲ್ಯಾಣ’ ನಾಟಕ ಬರೆದರು. ಕಲ್ಯಾಣದ ಬಗ್ಗೆ ಮಾತನಾಡುವುದು ಎಷ್ಟು ಜೀವಂತ ವಿಷಯ, ಎಷ್ಟು ಅಪಾಯದ ವಿಷಯ ಎಂಬುದನ್ನು 2015ರ ಆಗಸ್ಟ್ 30ರಂದು ಅವರ ಮನೆಬಾಗಿಲಲ್ಲೇ ನಡೆದ ಹತ್ಯೆಯ ನಂತರ ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕನ್ನಡ ರಂಗಭೂಮಿ ಈ ಮದುವೆಯನ್ನು ಎರಡು ಬಗೆಯಲ್ಲಿ ಕಂಡಿದೆ. ಪಿ. ಲಂಕೇಶರ ‘ಸಂಕ್ರಾಂತಿ’ (1971) ಹಳೆಯ ಮದುವೆಯ ಜಾಗದಲ್ಲಿ ಕೇರಿಯ ರುದ್ರ ಮತ್ತು ಬ್ರಾಹ್ಮಣರ ಹುಡುಗಿ ಉಷಾಳ ದೇಹದ ಸೆಳೆತವನ್ನು ಇಟ್ಟಿತು. ಅಲ್ಲಿ ಪ್ರೇಮವಿದೆ, ಅದು ಅರಸನ ನ್ಯಾಯದ ಎದುರು ನಿಂತು ನಜ್ಜುಗುಜ್ಜಾಗುತ್ತದೆ. ಧಾರವಾಡದಿಂದ 1990ರಲ್ಲಿ ಹೊರಬಂದ ಗಿರೀಶ ಕಾರ್ನಾಡರ ‘ತಲೆದಂಡ’ದಲ್ಲಿ ಪ್ರಣಯದ ದೃಶ್ಯವೇ ಇಲ್ಲ. ಹುಡುಗ, ಹುಡುಗಿ ಒಬ್ಬರನ್ನೊಬ್ಬರು ಬಯಸಿದ್ದರೇ ಎಂಬ ಪ್ರಶ್ನೆಗೆ ನಾಟಕ ಹೆಚ್ಚು ಹೊತ್ತು ಕೊಡುವುದಿಲ್ಲ. ನಿಶ್ಚಯ ಮಾಡುವವರು ತಂದೆಗಳು, ನಲುಗುವವರು ತಾಯಂದಿರು. ಹುಟ್ಟಿದಾಗಿನಿಂದ ಚರ್ಮವನ್ನು ಮೈಲಿಗೆಯೆಂದು ಕಂಡ ಮಗಳು ಚಪ್ಪಲಿ ಹೊಲಿಯುವ ಮನೆಯ ವಾಸನೆಯಲ್ಲಿ ಹೇಗೆ ಬದುಕಿಯಾಳು ಎಂಬ ತಾಯಿ ಲಲಿತಾಂಬೆಯ ಆತಂಕ ಇಡೀ ನಾಟಕದ ಅತಿ ಪ್ರಾಮಾಣಿಕ ಮಾತು. ಶರಣ ತತ್ವವನ್ನು ಒಪ್ಪಿಯೂ ಮೈ ಒಪ್ಪದಿರುವ ಆ ಕಷ್ಟವನ್ನು ಕಾರ್ನಾಡರು ಅಪಹಾಸ್ಯ ಮಾಡಲಿಲ್ಲ, ಮುಚ್ಚಿಡಲೂ ಇಲ್ಲ. ಬಸವಣ್ಣನೇ ಈ ಮದುವೆಗೆ ಕಾಲ ಕೂಡಿಬಂದಿದೆಯೇ ಎಂದು ತಡವರಿಸುತ್ತಾನೆ, ಆಮೇಲೆ ಹರಸುತ್ತಾನೆ. ಬಿಜ್ಜಳ ತಾನು ಹುಟ್ಟಿನಿಂದ ಕ್ಷೌರಿಕನೆಂಬುದನ್ನು ಮರೆತಿಲ್ಲ. ಸಿಂಹಾಸನದ ಮೇಲೆ ಕೂತರೂ ಜಾತಿಯ ಅವಮಾನ ಚರ್ಮದಿಂದ ಇಳಿಯುವುದಿಲ್ಲ ಎಂದು ಬಲ್ಲವನು. ತಂದೆಯ ಸಾವಿನ ಹೊತ್ತಿಗೂ ಮನೆಗೆ ಬಾರದ ಬ್ರಾಹ್ಮಣ ಯುವಕ ಜಗದೇವ ಕೊನೆಗೆ ಕೊಲೆಗಾರನಾಗುತ್ತಾನೆ. ಹೀಗೆ ಮದುಮಕ್ಕಳಿಗಿಂತ ಹೆಚ್ಚು ಗಾಯಗೊಂಡವರು ಅವರ ಸುತ್ತ ನಿಂತವರು. ಮೀಸಲಾತಿಯ ಮಂಡಲ ಮತ್ತು ಅಯೋಧ್ಯೆಯ ಮಂದಿರ ವಿವಾದಗಳು ಕುದಿಯುತ್ತಿದ್ದ ದಿನಗಳಲ್ಲಿ ಬಂದ ಈ ನಾಟಕವನ್ನು ಇಬ್ರಾಹಿಂ ಅಲ್ಕಾಜಿ ‘ರಕ್ತ ಕಲ್ಯಾಣ’ ಎಂಬ ಹೆಸರಿನಲ್ಲಿ ಹಿಂದಿಯಲ್ಲಿ ಆಡಿಸಿದರು. 1994ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅಟ್ಟದಿಂದ ಬಂದ ನಾಟಕಗಳು

ಕಾರ್ನಾಡರ (1938–2019) ನಾಟಕಗಳೆಲ್ಲ ಧಾರವಾಡದ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಕೂಸುಗಳು. 1933ರಲ್ಲಿ ಶುರುವಾದ ಈ ಪ್ರಕಾಶನದ ಕಚೇರಿಗೆ ಜನ ‘ಅಟ್ಟ’ ಎನ್ನುತ್ತಾರೆ. ಜಿ.ಬಿ. ಜೋಶಿ ಮತ್ತು ಕೀರ್ತಿನಾಥ ಕುರ್ತಕೋಟಿ ಕೂತು ಹಸ್ತಪ್ರತಿ ಓದಿ, ಜಗಳವಾಡಿ, ತಿದ್ದಿ, ಅಚ್ಚಿಗೆ ಕಳಿಸಿದ ಜಾಗ ಅದು. 1961ರಲ್ಲಿ ಬಂದ ‘ಯಯಾತಿ’ಯಲ್ಲೇ ಅಂತಸ್ತಿನ ಆಟ ಶುರುವಾಗಿತ್ತು. ಅರಸುಮಗಳಾಗಿದ್ದೂ ದಾಸಿಯಾದ ಶರ್ಮಿಷ್ಠೆಯ ಕಹಿ ಅಲ್ಲಿ ಇಡೀ ಅರಮನೆಯನ್ನು ಕಲಕುತ್ತದೆ.

ವಿಷಯಕ್ಕೆ ಅತಿ ಹತ್ತಿರವಾದದ್ದು ‘ಹಿಟ್ಟಿನ ಹುಂಜ’ (1980). ಇದರ ಮೂಲ 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’. ರಾಣಿ ಅಮೃತಮತಿ ಮಧ್ಯರಾತ್ರಿ ಮಾವುತನ ಹಾಡು ಕೇಳಿ ಮನಸೋಲುತ್ತಾಳೆ. ಆತ ಅಷ್ಟಾವಂಕ, ಕುರೂಪಿ. ತಡವಾಗಿ ಬಂದಳೆಂದು ಅವಳನ್ನು ಬಡಿಯುತ್ತಾನೆ. ಅವಳು ಅವನನ್ನು ಬಿಡುವುದಿಲ್ಲ. ಒಲವಿನ ಜತೆ ಹಿಂಸೆಯೂ ಬೆರೆತ ಇಂಥ ಸಂಬಂಧವನ್ನು ಎಂಟು ನೂರು ವರ್ಷಗಳ ಹಿಂದೆ ಒಬ್ಬ ಜೈನ ಕವಿ ಕಣ್ಣುಮಿಟುಕಿಸದೆ ನೋಡಿದ ಎನ್ನುವುದು ಕನ್ನಡದ ಹೆಮ್ಮೆ. ಆದರೆ ಜನ್ನನ ಕಾಳಜಿ ಸಂಕಲ್ಪ ಹಿಂಸೆಯ, ಅಂದರೆ ಮನಸ್ಸಿನಲ್ಲಿ ಮಾಡಿದ ಹಿಂಸೆಯ, ಪಾಪದ ಮೇಲೆ. ರಾಣಿ ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ, ನರಕಕ್ಕೆ ಹೋಗುತ್ತಾಳೆ. ಕಾರ್ನಾಡರು ಪಾತ್ರಗಳನ್ನು ನಾಲ್ಕಕ್ಕೆ ಇಳಿಸಿದರು: ರಾಜ, ರಾಣಿ, ರಾಜಮಾತೆ, ಮಾವುತ. ಪಾಳುಬಿದ್ದ ಗುಡಿ, ಒಂದು ರಾತ್ರಿ. ಅಲ್ಲಿ ರಾಣಿ ಪಾಪಿಯಲ್ಲ. ಅರಮನೆಯಲ್ಲಿ ಅವಳು ಸೊಸೆ, ಹೆಂಡತಿ, ವಂಶದ ಬಸಿರು. ಕತ್ತಲಲ್ಲಿ ಹಾಡಿದವನ ಎದುರು ಮಾತ್ರ ಬರೀ ಒಬ್ಬ ಹೆಣ್ಣು. ಕೆಳಗಿನವನಲ್ಲಿ ಅವಳು ಹುಡುಕಿದ್ದು ಅಂತಸ್ತಿನಿಂದ ಬಿಡುಗಡೆಯನ್ನು. ಮಾವುತನಿಗಾದರೋ ಅವಳು ರಾಣಿಯೆಂದು ತಿಳಿದ ಕೂಡಲೇ ಪ್ರಾಣಭಯ. ಇಬ್ಬರಿಗೂ ಒಂದೇ ರಾತ್ರಿ ಬೇರೆ ಬೇರೆ ಬೆಲೆಗೆ ಸಿಕ್ಕಿತು ಎಂಬುದನ್ನು ನಾಟಕ ಕಾಣಿಸುವ ರೀತಿ ಅಸಾಧಾರಣ.

‘ಅಗ್ನಿ ಮತ್ತು ಮಳೆ’ ಮಹಾಭಾರತದ ಯವಕ್ರೀತನ ಉಪಾಖ್ಯಾನದಿಂದ ಬಂದದ್ದು, ಚರಿತ್ರೆಯದಲ್ಲ. ಆದರೂ ಬ್ರಾಹ್ಮಣ ಅರವಸು ಮತ್ತು ಬೇಡರ ಹುಡುಗಿ ನಿತ್ತಿಲೆಯರಿಲ್ಲದೆ ಈ ಲೇಖನ ಪೂರ್ಣವಾಗದು. ಹಿರಿಯರ ಮುಂದೆ ಬಂದು ಹೆಣ್ಣು ಕೇಳಬೇಕಾದ ಹೊತ್ತಿಗೆ ಅರವಸು ಹೆಣ ಸುಡುವ ಕೆಲಸದಲ್ಲಿ ಸಿಕ್ಕಿ ತಡಮಾಡುತ್ತಾನೆ, ನಿತ್ತಿಲೆಯನ್ನು ಬೇರೊಬ್ಬನಿಗೆ ಕೊಡುತ್ತಾರೆ. ಅಣ್ಣನ ಮೋಸದಿಂದ ಪಿತೃಹತ್ಯೆಯ ಆರೋಪ ಹೊತ್ತು ಜಜ್ಜಿಹೋದ ಅರವಸುವನ್ನು ಉಪಚರಿಸಲು ಅವಳು ಗಂಡನನ್ನು ಬಿಟ್ಟು ಬರುತ್ತಾಳೆ, ಆ ಗಂಡನ ಕೈಯಲ್ಲೇ ಸಾಯುತ್ತಾಳೆ. ಇಲ್ಲಿ ಗಂಡು ಮೇಲಿನವನು, ಆದರೂ ರಕ್ತ ಹರಿಯುತ್ತದೆ. ಮೇಲೆ ಹೇಳಿದ ಕಟ್ಟಳೆಯನ್ನು ಈ ನಾಟಕ ಮುರಿಯುತ್ತದೆ. ಕೆಳಗಿನವರೆನಿಸಿಕೊಂಡವರಿಗೂ ತಮ್ಮದೇ ಮರ್ಯಾದೆಯ ಕಾನೂನು ಇದೆ, ಅದೂ ಹೆಣ್ಣಿನ ಮೈಮೇಲೆಯೇ ಜಾರಿಯಾಗುತ್ತದೆ ಎನ್ನುವುದನ್ನು ಕಂಡ ಬರಹ ಇದು.

2018ರಲ್ಲಿ ಬಂದ ‘ರಾಕ್ಷಸ ತಂಗಡಿ’ಯಲ್ಲಿ ಕಾರ್ನಾಡರು ಗಳಗನಾಥರ ರಾಮರಾಜನನ್ನು ಮತ್ತೆ ಎತ್ತಿಕೊಂಡರು. ಮೆಹರ್ಜಾನ್ ಇಲ್ಲ, ಸೇಡಿನ ಮಗನಿಲ್ಲ. ಅಳಿಯ ರಾಮರಾಯನ ಗಾಯ ಈಗ ಒಲವಿನದಲ್ಲ, ಹುಟ್ಟಿನದು. ರಾಜ್ಯವೆಲ್ಲ ತನ್ನ ಬೆರಳ ತುದಿಯಲ್ಲಿದ್ದರೂ ತಾನು ಅರಸುಕುಲದ ರಕ್ತವಲ್ಲ, ಸಿಂಹಾಸನವೇರಲಾರೆ, ಬರೀ ಅಳಿಯ. ಅವನ ಅರವೀಡು ಮನೆತನ ಕಲ್ಯಾಣದ ಚಾಲುಕ್ಯರ ಜತೆ ನಂಟು ಹೇಳಿಕೊಳ್ಳುತ್ತಿತ್ತು. ಆ ನಂಟಿನ ಹಂಬಲ ಅವನನ್ನು ಮತ್ತೆ ಮತ್ತೆ ಉತ್ತರಕ್ಕೆ ಎಳೆಯಿತು. ಗಳಗನಾಥರು ಕೈಬಿಟ್ಟ ಹೆಣ್ಣಿನಲ್ಲಿ ಕಂಡ ಪತನದ ಬೀಜವನ್ನು ಕಾರ್ನಾಡರು ಕೈಗೆಟುಕದ ಅಂತಸ್ತಿನಲ್ಲಿ ಕಂಡರು. ಚರಿತ್ರೆಗೆ ಎರಡನೆಯದು ಹೆಚ್ಚು ನ್ಯಾಯ ಮಾಡುತ್ತದೆ. ಓದುಗನ ಎದೆಯಲ್ಲಿ ಹೆಚ್ಚು ಕಾಲ ಉಳಿಯುವವಳು ಮಾತ್ರ ಮೆಹರ್ಜಾನಳೇ.

ಚಲನಚಿತ್ರದಲ್ಲಿ ಕಾರ್ನಾಡರು ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ 1984ರಲ್ಲಿ ಹಿಂದಿಯ ‘ಉತ್ಸವ್’ ನಿರ್ದೇಶಿಸಿದರು. ದಿವಾಳಿಯಾದ ಬ್ರಾಹ್ಮಣ ಚಾರುದತ್ತ, ಸಿರಿವಂತ ಗಣಿಕೆ ವಸಂತಸೇನೆ. ಜಾತಿಯ ತಕ್ಕಡಿ ಒಂದು ಕಡೆ, ಹಣದ ತಕ್ಕಡಿ ಇನ್ನೊಂದು ಕಡೆ ವಾಲುವ ಈ ಕಥೆ ಇಡೀ ಪರಂಪರೆಯಲ್ಲೇ ಸುಖಾಂತ್ಯಕ್ಕೆ ಹೆಸರಾದದ್ದು. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯಿಂದ 1977ರಲ್ಲಿ ಬಂದ ‘ಸನಾದಿ ಅಪ್ಪಣ್ಣ’ದಲ್ಲಿ ಸನಾದಿ ನುಡಿಸುವವನ ಮತ್ತು ಕುಣಿಯುವವಳ ಪ್ರೇಮವಿದೆ, ಕಲಾವಿದರ ಅಂತಸ್ತಿನ ಪ್ರಶ್ನೆ ಅಲ್ಲೂ ಎದುರಾಗುತ್ತದೆ.

ಕಥೆಯಾಗದ ಬದುಕು

ಧಾರವಾಡದ ಬೀದಿಗಳಲ್ಲಿ ಅಂತಸ್ತು ಮೀರಿದ ಸಂಬಂಧದ ಸಾಮಾನ್ಯ ರೂಪ ಮೇಲಿನ ಯಾವ ಕಥೆಯಂತೆಯೂ ಇರಲಿಲ್ಲ. ಹಾಡುವ ಮನೆತನದ ಹೆಣ್ಣು, ಜಮೀನು ಇಲ್ಲವೆ ವಕೀಲಿಕೆ ಇದ್ದ ಬ್ರಾಹ್ಮಣ ಗಂಡು, ಬಾಳು ಪೂರ್ತಿ ನಡೆದ, ಊರು ಕಂಡೂ ಕಾಣದಂತಿದ್ದ ಸಂಬಂಧಗಳು. ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರು (1913–2009) ತಮ್ಮ ಆತ್ಮಕಥನದಲ್ಲಿ ಇದನ್ನು ಬಿಚ್ಚುಮನಸ್ಸಿನಿಂದ ಹೇಳಿಕೊಂಡಿದ್ದಾರೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಹಾಡುಗಾರ್ತಿ, ತಂದೆ ಚಿಕ್ಕೂರಾವ ನಾಡಗೀರ. ಬಾಲ್ಯ ಕಳೆದದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ, ಬ್ರಾಹ್ಮಣರ ಮನೆಗಳ ನಡುವೆ, ಹಿತ್ತಲಿಗೆ ಕಾಲಿಟ್ಟರೆ ಬೈಗುಳ ಕೇಳುತ್ತ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಹುಡುಗಿಗೆ ಹಾಡಿನ ಭಯಕ್ಕಿಂತ ಊಟದ ಪಂಕ್ತಿಯಲ್ಲಿ ಎಲ್ಲಿ ಕೂರಿಸುತ್ತಾರೋ, ಎಲೆ ತೆಗೆಯಲು ಹೇಳುತ್ತಾರೋ ಎಂಬ ಭಯವೇ ಹೆಚ್ಚಾಗಿತ್ತು. ಅವರ ಬಾಳಸಂಗಾತಿ ಗುರುರಾವ ಕೌಲಗಿಯವರೂ ಬ್ರಾಹ್ಮಣರು. ಕುಟುಂಬದ ಭಾರವನ್ನು ಹೆಗಲ ಮೇಲೆ ಹೊತ್ತು ಹುಬ್ಬಳ್ಳಿಯ ಮನೆಯಿಂದ ದೇಶವೆಲ್ಲ ತಿರುಗಿ ಹಾಡಿದವರು ಗಂಗೂಬಾಯಿ. ಮದುವೆಯ ಮಾನ್ಯತೆಯಿಲ್ಲದ ಇಂಥ ಬದುಕಿನ ಕಡೆಗೆ ಕಾನೂನೂ ತಿರುಗಿ ನೋಡಿತು: ದೇವರ ಹೆಸರಿನಲ್ಲಿ ದೇವದಾಸಿಯಾಗಿ ಬಿಟ್ಟ ಹೆಣ್ಣಿನ ಮದುವೆಗೆ ಮಾನ್ಯತೆ ಕೊಟ್ಟು, ಮುಂದೆ ಹಾಗೆ ಬಿಡುವುದನ್ನು ಅಪರಾಧವೆಂದು ಸಾರಿದ ಬಾಂಬೆ ಪ್ರಾಂತದ ಕಾಯಿದೆ 1934ರದು. ಸಮಾಜ ಅದನ್ನು ಒಪ್ಪಿಕೊಳ್ಳಲು ಇನ್ನೂ ಬಹಳ ಕಾಲ ಹಿಡಿಯಿತು.

ಸಾವಿಲ್ಲದ, ಸೇಡಿಲ್ಲದ, ಆದರೆ ದಿನದಿನವೂ ಅವಮಾನ ನುಂಗಿದ ಈ ಸಂಬಂಧಗಳು ಐತಿಹಾಸಿಕ ಕಾದಂಬರಿಯ ವಸ್ತುವಾದದ್ದು ತೀರ ಕಡಿಮೆ. ರಾಜ್ಯ ಉರುಳಿಸುವ ಪ್ರೇಮವನ್ನೇ ಹುಡುಕಿದ ಕಣ್ಣಿಗೆ ಪಕ್ಕದ ಮನೆಯ ಪ್ರೇಮ ಚಿಕ್ಕದಾಗಿ ಕಂಡಿರಬೇಕು. ಇನ್ನೊಂದು ಕೊರತೆಯೂ ಇದೆ. ಹರಳಯ್ಯನ ಕೇರಿಯಲ್ಲಿ ನಿಂತು, ಶೀಲವಂತನ ಕಣ್ಣಿನಿಂದ ಕಲ್ಯಾಣವನ್ನು ಹೇಳುವ, ಮದುಮಗಳಿಗೆ ಅವಳದೇ ಆಸೆ, ಅಂಜಿಕೆ, ಮಾತು ಕೊಡುವ ದೊಡ್ಡ ಕೃತಿಯ ಜಾಗ ಇನ್ನೂ ಖಾಲಿಯೇ ಇದೆ. ಒಂದು ಆವೃತ್ತಿಯಲ್ಲಿ ಆಕೆ ಲಾವಣ್ಯ, ಇನ್ನೊಂದರಲ್ಲಿ ಕಲಾವತಿ. ನಾಡಿನ ಚರಿತ್ರೆಯೇ ಯಾರ ಮದುವೆಯ ಮೇಲೆ ತಿರುಗಿತೆಂದು ಎಲ್ಲರೂ ಹೇಳುತ್ತಾರೋ ಆ ಹುಡುಗಿಯ ಹೆಸರಿನ ಬಗ್ಗೆ ಬರೆದವರಲ್ಲೇ ಒಮ್ಮತವಿಲ್ಲ.